ಹಳ್ಳಿಗಾಡಿನ ರಾಜ್ಯ ಹೆದ್ದಾರಿಯೊಂದರ ಹಾದಿ ಮತ್ತು ಚರಿತ್ರೆಯನ್ನು ದಾಖಲಿಸುವ ಬಗೆ

ಬೆಂಗಳೂರಿನಿಂದ ಹೊರಡುವ ದೊಡ್ಡ ಹೆದ್ದಾರಿಗಳ ಕುರಿತು, ಅಂದರೆ ಮೈಸೂರು, ತುಮಕೂರು, ಬಳ್ಳಾರಿ ರಸ್ತೆಗಳ ಕುರಿತು, ಓದಲು ಬೇಕಾದಷ್ಟು ಸಿಗುತ್ತದೆ. ಮಾಗಡಿ, ಆನೇಕಲ್, ಗೌರಿಬಿದನೂರುಗಳ ಕಡೆಗೆ ಹೋಗುವ ರಾಜ್ಯ ಹೆದ್ದಾರಿಗಳ ಪಕ್ಕದ ಹಳ್ಳಿಯವರು ಮಾತ್ರ ತಮ್ಮೂರ ಮುಂದಿನ ರಸ್ತೆ ಯಾವಾಗ ಬಂತು, ಯಾವ ಊರುಗಳನ್ನು ಹಿಡಿದು ಬಂತು, ಕೆರೆಯ ಬಳಿ ಏಕೆ ಹಾಗೆ ಸುತ್ತಿಕೊಂಡಿತು ಎಂದು ತಿಳಿಯಬಯಸಿದರೆ ಒಂದು ಸಂಖ್ಯೆ ಮತ್ತು ಎರಡು ತುದಿಗಳ ಹೆಸರಿಗಿಂತ ಹೆಚ್ಚಿನದೇನೂ ಸುಲಭವಾಗಿ ದೊರೆಯುವುದಿಲ್ಲ. ಈ ಕೊರತೆಯನ್ನು ತುಂಬಲು ಇಂಜಿನಿಯರೋ ಇತಿಹಾಸದ ಪ್ರಾಧ್ಯಾಪಕರೋ ಆಗಿರಬೇಕಿಲ್ಲ. ವಾರಾಂತ್ಯದಲ್ಲಿ ಬಸ್ಸು ಹತ್ತಿ ಹೋಗಿಬರುವ ಉತ್ಸಾಹ, ಒಂದು ನೋಟ್ ಪುಸ್ತಕ ಮತ್ತು ಕಾಗದಪತ್ರಗಳನ್ನು ಓದುವ ತಾಳ್ಮೆ ಇದ್ದರೆ ಸಾಕು.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಳ್ಳಿಗಾಡಿನ ರಾಜ್ಯ ಹೆದ್ದಾರಿಯೊಂದು ಒಂದೇ ಕಾಲದಲ್ಲಿ, ಒಂದೇ ನಕ್ಷೆಯ ಪ್ರಕಾರ ನಿರ್ಮಾಣವಾಗಿರುವುದು ಅಪರೂಪ. ಎರಡು ಹಳ್ಳಿಗಳ ನಡುವಿನ ಬಂಡಿದಾರಿ, ಸಂತೆಗೆ ಹೋಗುವ ಹಾದಿ, ಕೆರೆಯ ಏರಿ, ಹಳೆಯ ಮೈಸೂರು ಸರ್ಕಾರ ಜಲ್ಲಿ ಹಾಕಿಸಿದ ಒಂದಷ್ಟು ಮೈಲಿ, ಸ್ವಾತಂತ್ರ್ಯಾನಂತರ ತಿದ್ದಿದ ತಿರುವು, ಹೀಗೆ ಬೇರೆ ಬೇರೆ ಕಾಲದ ತುಂಡುಗಳು ಕೂಡಿಕೊಂಡ ಮೇಲೆ ಯಾವುದೋ ಒಂದು ವರ್ಷ ಅವೆಲ್ಲಕ್ಕೂ ಸೇರಿ ಒಂದು ಹೆದ್ದಾರಿ ಸಂಖ್ಯೆ ಸಿಕ್ಕಿರುತ್ತದೆ. ಆದ್ದರಿಂದ "ಈ ರಸ್ತೆಯನ್ನು ಯಾರು ಕಟ್ಟಿಸಿದರು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ಈ ತುಂಡು ಆ ತುಂಡಿಗೆ ಎಲ್ಲಿ ಮತ್ತು ಯಾವಾಗ ಸೇರಿತು" ಎಂದು ಕೇಳಬೇಕು. ಮುಂದೆ ಹೇಳುವ ವಿಧಾನಗಳೆಲ್ಲವೂ ಈ ಸೇರುವೆಗಳನ್ನು ಪತ್ತೆಹಚ್ಚುವುದಕ್ಕಾಗಿಯೇ ಇವೆ.

ರಸ್ತೆಯ ಆಯ್ಕೆ ಮತ್ತು ಸಂಖ್ಯೆ

ಐವತ್ತು ಕಿಲೋಮೀಟರಿಗಿಂತ ಹೆಚ್ಚಿನ ಉದ್ದವನ್ನು ಮೊದಲ ಸಲವೇ ಆರಿಸಿಕೊಳ್ಳಬಾರದು. ಉದಾಹರಣೆಗೆ ರಾಜ್ಯ ಹೆದ್ದಾರಿ 85 ಬೆಂಗಳೂರಿನಿಂದ ಹೊರಟು ಮಾಗಡಿ, ಹುಲಿಯೂರುದುರ್ಗ, ನಾಗಮಂಗಲಗಳನ್ನು ದಾಟಿ ದಕ್ಷಿಣ ಕನ್ನಡದ ಜಾಲ್ಸೂರಿನವರೆಗೆ ಹೋಗುತ್ತದೆ. ಅದರಲ್ಲಿ ಬೆಂಗಳೂರಿನಿಂದ ಮಾಗಡಿಯವರೆಗಿನ ಸುಮಾರು 50 ಕಿಲೋಮೀಟರ್ ಭಾಗವೇ ಒಬ್ಬರ ಹಲವು ತಿಂಗಳ ಕೆಲಸಕ್ಕೆ ಸಾಲುತ್ತದೆ. ಬನ್ನೇರುಘಟ್ಟದ ಮೂಲಕ ಆನೇಕಲ್ಲಿಗೆ ಹೋಗುವ ರಾಜ್ಯ ಹೆದ್ದಾರಿ 87 ಕೂಡ ಇಂತಹ ಅಧ್ಯಯನಕ್ಕೆ ಒಳ್ಳೆಯ ರಸ್ತೆ. ಈ ಬರಹದಲ್ಲಿ ಮಾಗಡಿ ರಸ್ತೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಸಂಖ್ಯೆಯನ್ನು ಬರೆದುಕೊಳ್ಳಿ, ಆದರೆ ಅದನ್ನೇ ರಸ್ತೆಯ ಗುರುತೆಂದು ನಂಬಬೇಡಿ. ಬೆಂಗಳೂರು–ಮೈಸೂರು ರಸ್ತೆ ಬಹುಕಾಲ ರಾಜ್ಯ ಹೆದ್ದಾರಿ 17 ಆಗಿದ್ದು ಈಗ ರಾಷ್ಟ್ರೀಯ ಹೆದ್ದಾರಿ 275 ಆಗಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಕೂಡಿಸುವ ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 207 ಆಗಿತ್ತು, ಈಗ 648. ಆಡಳಿತದ ಹೆಸರುಗಳೂ ಹೀಗೆಯೇ ಬದಲಾಗಿವೆ. ಮಾಗಡಿ ತಾಲ್ಲೂಕು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದು, ಆ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿತು. ಆ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಅಂದರೆ ಒಂದೇ ಮೋರಿಯ ದುರಸ್ತಿಯ ಕಡತವನ್ನು ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಜಿಲ್ಲೆಗಳ ಹೆಸರಿನಲ್ಲಿ ಹುಡುಕಬೇಕಾಗುತ್ತದೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ರಾಮನಗರ ಕ್ಲೋಸ್‌ಪೇಟ್ ಆಗಿಯೂ ಹೊಸಕೋಟೆ ಔಸ್ಕೋಟಾ ಆಗಿಯೂ ಕಾಣಿಸಿಕೊಳ್ಳುತ್ತವೆ. ಹೆಸರುಗಳ ಇಂತಹ ಪಟ್ಟಿಯೊಂದನ್ನು ಆರಂಭದಲ್ಲೇ ಸಿದ್ಧಪಡಿಸಿಕೊಂಡರೆ ಗ್ರಂಥಾಲಯದಲ್ಲಿ ಕಳೆಯುವ ಸಮಯ ಅರ್ಧಕ್ಕೆ ಇಳಿಯುತ್ತದೆ.

ಸರಪಳಿ ಪುಸ್ತಕ

ಲೋಕೋಪಯೋಗಿ ಇಲಾಖೆಯ ಟೆಂಡರು ಪ್ರಕಟಣೆಗಳಲ್ಲಿ "ಸರಪಳಿ 12.00 ರಿಂದ 15.50 ಕಿ.ಮೀ. ವರೆಗೆ" ಎಂಬ ಮಾತನ್ನು ನೋಡಿರುತ್ತೀರಿ. ರಸ್ತೆಯ ಆರಂಭದಿಂದ ಅಳೆದ ದೂರವೇ ಸರಪಳಿ. ನಿಮ್ಮ ನೋಟ್ ಪುಸ್ತಕದ ಎಡಬದಿಯಲ್ಲಿ ಈ ದೂರವನ್ನು ಬರೆಯಲು ಒಂದು ಅಂಕಣ ಹಾಕಿಕೊಳ್ಳಿ. ಕಂಡದ್ದು, ಓದಿದ್ದು, ಕೇಳಿದ್ದು ಯಾವುದೇ ಇರಲಿ, ಅದಕ್ಕೊಂದು ಸರಪಳಿ ಇಲ್ಲದೆ ಪುಸ್ತಕಕ್ಕೆ ಏರಿಸಬೇಡಿ. ಈ ಕಟ್ಟುನಿಟ್ಟು ಮೊದಲಲ್ಲಿ ಬೇಸರ ತರಿಸಬಹುದು. ಆದರೆ 1930ರ ನಕ್ಷೆಯ ಸೇತುವೆಯೂ ಹಳ್ಳಿಯ ಹಿರಿಯರು ಹೇಳಿದ ಸೇತುವೆಯೂ ನೀವು ಫೋಟೋ ತೆಗೆದ ಸೇತುವೆಯೂ ಒಂದೇ ಎಂದು ಖಚಿತವಾಗಿ ಹೇಳಲು ಇದನ್ನು ಬಿಟ್ಟು ಬೇರೆ ಆಧಾರ ಸಿಗುವುದು ಕಷ್ಟ.

ಮೊದಲ ಪ್ರಯಾಣವನ್ನು ಎಲ್ಲ ಊರುಗಳಲ್ಲೂ ನಿಲ್ಲುವ ಸಾಮಾನ್ಯ ಬಸ್ಸಿನಲ್ಲಿ ಮಾಡಿ. ಬಸ್ಸಿನ ನಿಲುಗಡೆಗಳ ಕ್ರಮವೇ ರಸ್ತೆಯ ಊರುಗಳ ಮೊದಲ ಪಟ್ಟಿಯಾಗುತ್ತದೆ. ಮಾಗಡಿ ರಸ್ತೆಯಲ್ಲಾದರೆ ಟೋಲ್‌ಗೇಟ್, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಬ್ಯಾಡರಹಳ್ಳಿ, ಕಡಬಗೆರೆ, ತಾವರೆಕೆರೆ ಹೀಗೆ ಪಟ್ಟಿ ಬೆಳೆಯುತ್ತದೆ. ಟೋಲ್‌ಗೇಟ್, ಸುಂಕದಕಟ್ಟೆಗಳಂತಹ ಹೆಸರುಗಳು ಹಿಂದೆ ಅಲ್ಲಿ ಸುಂಕ ವಸೂಲಿ ನಡೆದಿರಬಹುದೆಂಬ ಸುಳಿವು ಕೊಡುತ್ತವೆ, ಆದರೆ ಸುಳಿವು ದಾಖಲೆಯಾಗುವುದಿಲ್ಲ. ಬೇರೆ ಕಾಗದ ಸಿಗುವವರೆಗೆ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.

ಎರಡನೆಯ ಸುತ್ತನ್ನು ಕಾಲ್ನಡಿಗೆಯಲ್ಲಿ, ತುಂಡು ತುಂಡಾಗಿ, ಬೆಳಗಿನ ಹೊತ್ತು ಮಾಡಬೇಕು. ಎದುರಿನಿಂದ ವಾಹನ ಬರುವ ಬದಿಯಲ್ಲೇ ನಡೆಯಿರಿ, ಕಿರಿದಾದ ಸೇತುವೆಗಳ ಮೇಲೆ ನಿಂತು ಬರೆಯಬೇಡಿ. ರಾಜ್ಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ತಲೆಗೆ ಹಸಿರು ಬಣ್ಣ, ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ. ಪ್ರತಿ ಐದನೆಯ ಕಲ್ಲು ಉಳಿದವುಗಳಿಗಿಂತ ದೊಡ್ಡದಾಗಿದ್ದು ಅದರಲ್ಲಿ ಹೆಚ್ಚು ಊರುಗಳ ಹೆಸರಿರುತ್ತದೆ. ನಗರದೊಳಗೆ ಈ ಕಲ್ಲುಗಳನ್ನು ಹುಡುಕಿ ಪ್ರಯೋಜನವಿಲ್ಲ, ಏಕೆಂದರೆ ನಗರ ಬೆಳೆದಂತೆ ರಸ್ತೆಯ ಆ ಭಾಗ ಪಾಲಿಕೆಯ ಕೈಗೆ ಹೋಗುತ್ತದೆ. ಆದ್ದರಿಂದ ಹಳ್ಳಿಯ ಕಡೆಯಿಂದ ನಗರದ ಕಡೆಗೆ ಅಳೆದುಕೊಂಡು ಬಂದು, ಉಳಿದಿರುವ ಕೊನೆಯ ಕಲ್ಲು ಯಾವುದೆಂದು ಗುರುತಿಸುವುದು ಸುಲಭ.

ಸೇತುವೆ ಮತ್ತು ಮೋರಿಗಳ ಮೇಲೆ ಬಣ್ಣದಲ್ಲಿ ಬರೆದಿರುವ ಭಿನ್ನರಾಶಿಯಂತಹ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ. ಅದರ ಮೇಲಿನ ಅಂಕಿ ಕಿಲೋಮೀಟರನ್ನೂ ಕೆಳಗಿನ ಅಂಕಿ ಆ ಕಿಲೋಮೀಟರಿನೊಳಗೆ ಆ ಮೋರಿಯ ಕ್ರಮಸಂಖ್ಯೆಯನ್ನೂ ತಿಳಿಸುತ್ತದೆ. ಕ್ರಮಸಂಖ್ಯೆಯ ಪಕ್ಕದಲ್ಲಿ ಎ, ಬಿ ಎಂಬ ಅಕ್ಷರವಿದ್ದರೆ ಅದು ಸಂಖ್ಯೆ ಹಾಕಿದ ಮೇಲೆ ನಡುವೆ ಸೇರಿಸಿದ ಮೋರಿ. ಬಳಿಕ ರಸ್ತೆಯಿಂದ ಇಳಿದು ಮೋರಿಯ ಕೆಳಗೆ ನೋಡಬೇಕು. ಮೇಲೆ ಡಾಂಬರು ಹೊಸದಾಗಿದ್ದರೂ ಕೆಳಗೆ ಸುಣ್ಣದ ಗಾರೆಯ ಕಲ್ಲಿನ ಕಮಾನು ಇದ್ದರೆ ಆ ತುಂಡು ಸಿಮೆಂಟು ಬಳಕೆಗೆ ಬರುವುದಕ್ಕಿಂತ ಹಿಂದಿನದೆಂದು ಊಹಿಸಬಹುದು. ಬೆಂಗಳೂರಿನ ಸುತ್ತ ಗ್ರಾನೈಟ್ ಹೇರಳವಾಗಿರುವುದರಿಂದ ಕಲ್ಲು ಚಪ್ಪಡಿ ಹಾಸಿದ ಮೋರಿಗಳೂ ಸಿಗುತ್ತವೆ. ಕೆಲವೆಡೆ ನಡುವೆ ಹಳೆಯ ಚಪ್ಪಡಿ, ಎರಡೂ ಬದಿಗೆ ಕಾಂಕ್ರೀಟು ಇರುತ್ತದೆ. ಅಂತಹ ಜಾಗದಲ್ಲಿ ಹಳೆಯ ರಸ್ತೆಯ ಅಗಲ ಎಷ್ಟಿತ್ತೆಂಬುದನ್ನು ಅಳತೆ ಟೇಪು ಹಿಡಿದು ನೇರವಾಗಿ ಅಳೆಯಬಹುದು. ಕಾಗದಗಳು ಎಷ್ಟೋ ಸಲ ಹೇಳದೆ ಬಿಟ್ಟ ಸಂಗತಿ ಇದು.

ಕೆರೆ ಏರಿಯ ವಿಷಯದಲ್ಲಿ ಇನ್ನಷ್ಟು ನಿಧಾನಿಸಬೇಕು. ಮೈಸೂರು ಸೀಮೆಯ ರಸ್ತೆಗಳ ತಿರುವುಗಳಲ್ಲಿ ಹಲವಕ್ಕೆ ಕೆರೆಗಳೇ ಕಾರಣ. ಬಂಡಿಗಳ ಕಾಲದಲ್ಲಿ ಹಳ್ಳ ದಾಟಲು ಬೇರೆ ಸೇತುವೆ ಕಟ್ಟುವುದಕ್ಕಿಂತ ಸಿದ್ಧವಾಗಿದ್ದ ಏರಿಯ ಮೇಲೆ ಸಾಗುವುದು ಸುಲಭವಾಗಿತ್ತು, ಹಾಗಾಗಿ ರಸ್ತೆ ಏರಿಯನ್ನು ಹತ್ತಿ, ಅದರ ಬಾಗಿಗೆ ಬಾಗಿ, ಕೋಡಿಯ ಬಳಿ ಇಳಿಯುತ್ತಿತ್ತು. ಮಳೆ ಹೆಚ್ಚಾಗಿ ಕೋಡಿ ಹರಿದಾಗ ಸಂಚಾರ ನಿಲ್ಲುತ್ತಿತ್ತು. ಆಮೇಲೆ ಅಲ್ಲಿ ನೆಲಮಟ್ಟದ ಸೇತುವೆಯೋ, ಕೆರೆಯ ಕೆಳಗಿನ ಗದ್ದೆಬಯಲಿನಲ್ಲಿ ಹೊಸ ನೇರ ದಾರಿಯೋ ಬಂದಿರುತ್ತದೆ. ಇಂದಿನ ಹೆದ್ದಾರಿ ಏರಿಯ ಕೆಳಗೆ ನೇರವಾಗಿ ಹೋಗುತ್ತಿದ್ದು ಏರಿಯ ಮೇಲೆ ಹಳೆಯ ಜಲ್ಲಿಯ ಗುರುತೋ ಮೈಲಿಗಲ್ಲೋ ಉಳಿದಿದ್ದರೆ ನಿಮಗೆ ಒಂದು ಸೇರುವೆ ಸಿಕ್ಕಿದೆ ಎಂದೇ ಅರ್ಥ. ತೂಬು, ಕೋಡಿ, ಏರಿಯ ಎರಡು ತುದಿ, ಹಳೆಯ ಮತ್ತು ಹೊಸ ರಸ್ತೆ ಅಗಲುವ ಜಾಗ, ಇವೆಲ್ಲದರ ಸರಪಳಿಯನ್ನೂ ಬರೆದಿಡಿ.

ಸಾಲುಮರಗಳೂ ಹೀಗೆಯೇ ಹಳೆಯ ಹಾದಿಯನ್ನು ತೋರುತ್ತವೆ. ಹುಣಸೆ, ಆಲ, ಹೊಂಗೆ, ನೇರಳೆಯ ಹಳೆಯ ಸಾಲು ಇಂದಿನ ರಸ್ತೆಯಿಂದ ದೂರ ಸರಿದು ಹೊಲದೊಳಗೆ ಹೋಗಿದ್ದರೆ ರಸ್ತೆಯೇ ಸರಿದಿದೆ ಎಂದು ತಿಳಿಯಬೇಕು. ಮಾಗಡಿ ತಾಲ್ಲೂಕಿನಲ್ಲಿ ಕೆಲಸ ಮಾಡುವವರು ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕನವರು ತಮ್ಮ ಪತಿಯೊಂದಿಗೆ ನೆಟ್ಟು ಬೆಳೆಸಿದ ಆಲದ ಮರಗಳನ್ನು ನೋಡದೆ ಬರಬಾರದು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಗಾಗಿ ಆ ಮರಗಳಿಗೆ ಕೊಡಲಿ ಬೀಳುವ ಆತಂಕ ಎದುರಾದಾಗ ಅವರು ಮುಖ್ಯಮಂತ್ರಿಗೆ ಮನವಿ ಮಾಡಿ ಮರಗಳನ್ನು ಉಳಿಸಿಕೊಂಡರು. ರಸ್ತೆಯ ಚರಿತ್ರೆಯಲ್ಲಿ ಇಂಜಿನಿಯರರ ಹೆಸರಿಗಿಂತ ಇಂತಹವರ ಹೆಸರು ಮೊದಲು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು

ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಬೆಂಗಳೂರು–ಮಾಗಡಿ ರಸ್ತೆ ಬಹುತೇಕ 57 ಎಚ್/9, 57 ಎಚ್/5 ಮತ್ತು 57 ಎಚ್/1 ಎಂಬ ಮೂರು ಹಾಳೆಗಳಲ್ಲಿ ಬರುತ್ತದೆ. ಹಳೆಯ ಮುದ್ರಣಗಳು ಒಂದು ಅಂಗುಲಕ್ಕೆ ಒಂದು ಮೈಲಿಯ ಪ್ರಮಾಣದಲ್ಲಿ, ಅಂದರೆ 1:63,360ರಲ್ಲಿ ಇದ್ದವು. ಈಗಿನವು 1:50,000ದಲ್ಲಿವೆ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಪ್ರಮಾಣ ಬೇರೆಯಾದ್ದರಿಂದ ಎರಡನ್ನೂ ಸ್ಕ್ಯಾನ್ ಮಾಡಿ ದೇವಸ್ಥಾನ, ಬೆಟ್ಟದ ತುದಿ, ಕೆರೆಯ ತೂಬುಗಳಂತಹ ಕದಲದ ಗುರುತುಗಳನ್ನು ಹೊಂದಿಸಿಕೊಂಡು ಹೋಲಿಸಬೇಕು. ಜಲ್ಲಿ ರಸ್ತೆ, ಬಂಡಿದಾರಿ, ಕಾಲುದಾರಿಗಳಿಗೆ ಬೇರೆ ಬೇರೆ ಗೆರೆಗಳಿರುವುದರಿಂದ ಯಾವ ತುಂಡು ಯಾವ ಮುದ್ರಣದಲ್ಲಿ ದರ್ಜೆ ಏರಿತೆಂಬುದು ಕಣ್ಣಿಗೇ ಕಾಣುತ್ತದೆ. ಹೋಲಿಕೆಗೆ ಮಾಗಡಿ ರಸ್ತೆಯಲ್ಲಿ ಅತ್ಯಂತ ಫಲಕೊಡುವ ಜಾಗವೆಂದರೆ ತಿಪ್ಪಗೊಂಡನಹಳ್ಳಿಯ ಆಸುಪಾಸು. ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ ಚಾಮರಾಜಸಾಗರ ಜಲಾಶಯ 1933ರಲ್ಲಿ ಮುಗಿಯಿತು. ಆ ವರ್ಷಕ್ಕೆ ಹಿಂದಿನ ಮತ್ತು ಮುಂದಿನ ನಕ್ಷೆಗಳನ್ನು ಜೊತೆಗಿಟ್ಟು ನದಿ ದಾಟುವ ಜಾಗ ಒಂದೇ ಆಗಿದೆಯೇ ಎಂದು ನೋಡಿ.

ಹಳೆಯ ದಾಖಲೆಗಳಲ್ಲಿ ದೂರ ಮೈಲಿ ಮತ್ತು ಫರ್ಲಾಂಗುಗಳಲ್ಲಿರುತ್ತದೆ. ಎಂಟು ಫರ್ಲಾಂಗಿಗೆ ಒಂದು ಮೈಲಿ, ಒಂದು ಮೈಲಿಗೆ 1.609 ಕಿಲೋಮೀಟರ್. "5 ಮೈಲಿ 3 ಫರ್ಲಾಂಗ್" ಎಂದಿದ್ದರೆ ಅದು 8.65 ಕಿಲೋಮೀಟರ್. ಆದರೆ ಆ ಮೈಲಿಗಳನ್ನು ಎಲ್ಲಿಂದ ಎಣಿಸಲಾಗಿತ್ತು ಎಂಬುದನ್ನು ಮೊದಲು ನಿರ್ಧರಿಸಬೇಕು. ಎರಡೂ ಎಣಿಕೆಗಳಲ್ಲಿ ಖಚಿತವಾಗಿ ಗುರುತಿಸಬಹುದಾದ ಒಂದು ಹಳೆಯ ಸೇತುವೆಯನ್ನು ಆರಿಸಿಕೊಂಡು ವ್ಯತ್ಯಾಸ ಕಂಡುಹಿಡಿದರೆ ಉಳಿದವನ್ನು ಸರಿಹೊಂದಿಸಬಹುದು. ನಡುವೆ ತಿರುವು ತಿದ್ದಿದ್ದರೆ ಆ ಜಾಗದಿಂದ ಮುಂದೆ ವ್ಯತ್ಯಾಸ ಬದಲಾಗುತ್ತದೆ, ಆ ಬದಲಾವಣೆಯೇ ತಿದ್ದಿದ ತಿರುವಿಗೆ ಸಾಕ್ಷಿಯಾಗುತ್ತದೆ.

ಇನ್ನು ಗ್ರಾಮ ನಕ್ಷೆಗಳು. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಹಳ್ಳಿವಾರು ನಕ್ಷೆ ಸಿಗುತ್ತದೆ, ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ರಸ್ತೆ ಸರ್ವೆ ನಂಬರುಗಳ ಗಡಿಯನ್ನು ಹಿಡಿದು ಸಾಗುತ್ತಿದ್ದು ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಬಾರದ ಜಮೀನಿನ ಲೆಕ್ಕದಲ್ಲಿ, ಸೇರಿದ್ದರೆ ಸರ್ವೆ ಅಳತೆಯ ಕಾಲಕ್ಕಾಗಲೇ ಆ ದಾರಿ ಇತ್ತೆಂದು ಬಹುಮಟ್ಟಿಗೆ ಹೇಳಬಹುದು. ಒಂದೇ ನಂಬರನ್ನು ಓರೆಯಾಗಿ ಸೀಳಿಕೊಂಡು ಹೋಗಿದ್ದು ಪೋಡಿಯಾಗಿ, ಅಂದರೆ ಜಮೀನು ಭಾಗವಾಗಿ, ನಂಬರು ಒಡೆದಿದ್ದರೆ ಅದು ಅಳತೆಯ ನಂತರ ಬಂದ ರಸ್ತೆ; ಭೂಸ್ವಾಧೀನದ ಕಡತ ಇರಲೇಬೇಕು. ಸರ್ವೆ ನಂಬರಿನ ಅಳತೆಗಳನ್ನು ಬರೆದಿಟ್ಟ ಮೂಲ ದಾಖಲೆಯಾದ ಟಿಪ್ಪಣಿಯ ನಕಲು ತೆಗೆಸಿದರೆ ಅಳತೆಗಳು ಸರಪಳಿ ಮತ್ತು ಆಣೆಗಳಲ್ಲಿರುತ್ತವೆ: ಆ ಸರಪಳಿ 33 ಅಡಿಯದು, ಹದಿನಾರು ಆಣೆಗೆ ಒಂದು ಸರಪಳಿ. ಇಲಾಖೆಯ ಟೆಂಡರಿನ ಸರಪಳಿಯೊಂದಿಗೆ ಇದನ್ನು ಬೆರೆಸಬಾರದು. ನನ್ನ ಅನುಭವದಲ್ಲಿ ರಸ್ತೆಯ ತುಂಡುಗಳ ವಯಸ್ಸನ್ನು ಹೋಲಿಸಿ ಹೇಳಲು ಗ್ರಾಮ ನಕ್ಷೆಯಷ್ಟು ನಂಬಿಕೆಯ ಸಾಧನ ಮತ್ತೊಂದಿಲ್ಲ, ಆದರೂ ರಸ್ತೆಯ ಬಗ್ಗೆ ಬರೆಯುವವರು ಅದನ್ನು ತೆರೆದು ನೋಡುವುದು ಕಡಿಮೆ.

ಕಡತ, ವರದಿ, ಶಾಸನ

ಬೆಂಗಳೂರಿನಲ್ಲಿರುವವರಿಗೆ ಈ ಹಂತದಲ್ಲಿ ದೊಡ್ಡ ಅನುಕೂಲವಿದೆ. ವಿಕಾಸ ಸೌಧದ ರಾಜ್ಯ ಪತ್ರಾಗಾರ, ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯಲ್ಲಿರುವ 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ, ಈ ಮೂರೂ ಹತ್ತಿರ ಹತ್ತಿರದಲ್ಲೇ ಇವೆ. ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಆರಂಭವಾದದ್ದು 1856ರಲ್ಲಿ. ಅಲ್ಲಿಂದಾಚೆಗಿನ ವಾರ್ಷಿಕ ಆಡಳಿತ ವರದಿಗಳಲ್ಲಿ ರಸ್ತೆಗಳಿಗೆ ಪ್ರತ್ಯೇಕ ಭಾಗವಿರುತ್ತದೆ. ಅದಕ್ಕಿಂತಲೂ ಆಪ್ತವಾದದ್ದು 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ನಡಾವಳಿ. ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ಯಾವ ಹಳ್ಳಕ್ಕೆ ಸೇತುವೆ ಬೇಕು, ಯಾವ ರಸ್ತೆ ಮಳೆಗಾಲದಲ್ಲಿ ಕೆಡುತ್ತದೆ ಎಂದು ಊರಿನ ಹೆಸರು ಹಿಡಿದು ಅಹವಾಲು ಹೇಳಿಕೊಳ್ಳುತ್ತಿದ್ದರು, ಸರ್ಕಾರದ ಉತ್ತರವೂ ಮುದ್ರಿತವಾಗಿರುತ್ತದೆ. ಹಳ್ಳಿಗಾಡಿನ ರಸ್ತೆಗೆ ಇದಕ್ಕಿಂತ ಒಳ್ಳೆಯ ಆಕರ ಸಿಗಲಾರದು. ಸ್ವಾತಂತ್ರ್ಯಾನಂತರದ ಕಾಲಕ್ಕೆ ಜಿಲ್ಲಾ ಜನಗಣತಿ ಕೈಪಿಡಿಗಳನ್ನು ನೋಡಿ. ಪ್ರತಿ ಹಳ್ಳಿಗೆ ಪಕ್ಕಾ ರಸ್ತೆ ಇದೆಯೋ, ಕಚ್ಚಾ ರಸ್ತೆ ಇದೆಯೋ ಎಂಬ ಅಂಕಣ ಅವುಗಳಲ್ಲಿದೆ.

ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವಿದೆ, ತಾಲ್ಲೂಕುವಾರು ಜೋಡಿಸಿದ್ದರಿಂದ ರಸ್ತೆಯ ಊರುಗಳನ್ನು ಒಂದೊಂದಾಗಿ ಹುಡುಕಬಹುದು. ಆದರೆ ಇಲ್ಲಿ ಎಚ್ಚರ ಬೇಕು. ಬೆಂಗಳೂರನ್ನು 1638ರಲ್ಲಿ ಬಿಜಾಪುರದವರು ವಶಪಡಿಸಿಕೊಂಡ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಯಿಂದ ಆಳಿದರು, 1728ರಲ್ಲಿ ಮಾಗಡಿ ಮೈಸೂರಿನ ವಶವಾಯಿತು, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ಹಿಡಿಯಿತು. ಇವೆಲ್ಲವೂ ನಿಜವಾದರೂ, ಇಂದಿನ ಮಾಗಡಿ ರಸ್ತೆ ಕೆಂಪೇಗೌಡರ ಹಾದಿಯೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಬೆಂಗಳೂರು ಪೇಟೆಯ ಪಶ್ಚಿಮದ ಬಾಗಿಲಿಗೆ ಇದ್ದದ್ದು ಸೊಂಡೆಕೊಪ್ಪದ ಹೆಸರು, ಮಾಗಡಿಯದಲ್ಲ. ಸೊಂಡೆಕೊಪ್ಪ ಇಂದಿನ ಮಾಗಡಿ ರಸ್ತೆಗೂ ತುಮಕೂರು ರಸ್ತೆಗೂ ನಡುವೆ, ನೆಲಮಂಗಲ ತಾಲ್ಲೂಕಿನಲ್ಲಿದೆ. ಪೇಟೆಯಿಂದ ಪಶ್ಚಿಮಕ್ಕೆ ಹೊರಟ ಹಳೆಯ ದಾರಿ ಯಾವ ಊರಿನವರೆಗೆ ಇಂದಿನ ಹೆದ್ದಾರಿಯ ಜೊತೆಗಿತ್ತು, ಎಲ್ಲಿ ಬೇರೆಯಾಯಿತು ಎಂಬ ಪ್ರಶ್ನೆಯನ್ನು ನಕ್ಷೆಯ ಮುಂದಿಟ್ಟು ಪರಿಶೀಲಿಸಿದರೆ ಚರಿತ್ರೆಯ ಮೊದಲ ಅಧ್ಯಾಯ ತಾನಾಗಿ ರೂಪುಗೊಳ್ಳುತ್ತದೆ.

ಇತ್ತೀಚಿನ ಕಾಮಗಾರಿಗಳ ವಿವರವನ್ನು ಮಾಹಿತಿ ಹಕ್ಕು ಅರ್ಜಿಯ ಮೂಲಕ ಪಡೆಯಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳ ಮಿತಿಯಲ್ಲಿರಬೇಕು. "ರಸ್ತೆಯ ಇತಿಹಾಸ ಕೊಡಿ" ಎಂದು ಕೇಳಿದರೆ ಯಾವ ಅಧಿಕಾರಿಯೂ ಉತ್ತರಿಸಲಾರರು. ಇಂತಹ ಸರಪಳಿಯಿಂದ ಇಂತಹ ಸರಪಳಿಯವರೆಗಿನ ಸೇತುವೆ ಮತ್ತು ಮೋರಿಗಳ ವಹಿಯ ನಕಲು ಬೇಕು ಎಂದು ಕೇಳಿ.

ಹಿರಿಯರೊಂದಿಗೆ ಮಾತು

ಕಾಗದಗಳನ್ನು ಓದಿ ಮುಗಿಸಿದ ಮೇಲೆಯೇ ಹಳ್ಳಿಯವರನ್ನು ಮಾತನಾಡಿಸುವುದು ಒಳ್ಳೆಯದು, ಏಕೆಂದರೆ ಆಗ ಯಾವ ಜಾಗದ ಬಗ್ಗೆ ಏನು ಕೇಳಬೇಕೆಂದು ನಿಮಗೆ ತಿಳಿದಿರುತ್ತದೆ. ಅರಳಿಕಟ್ಟೆಯ ಬಳಿ ಕುಳಿತ ಹಿರಿಯರನ್ನು "ಈ ರಸ್ತೆ ಯಾವ ಇಸವಿಯಲ್ಲಿ ಆಯ್ತು" ಎಂದು ಕೇಳಿದರೆ ಊಹೆಯ ಇಸವಿ ಸಿಗುತ್ತದೆ. "ತಾತ, ಊರಿಗೆ ಮೊದಲ ಬಸ್ಸು ಬಂದಾಗ ನೀವು ಎಷ್ಟು ದೊಡ್ಡವರಿದ್ರಿ? ಅದಕ್ಕೆ ಮುಂಚೆ ಸಂತೆಗೆ ಬಂಡಿ ಯಾವ ಕಡೆಯಿಂದ ಹೋಗ್ತಿತ್ತು? ಕೋಡಿ ಹರಿದಾಗ ಏನು ಮಾಡ್ತಿದ್ರಿ?" ಎಂದು ಕೇಳಿದರೆ ಮದುವೆ, ಬರ, ಕೆರೆ ಒಡೆದ ವರ್ಷಗಳ ಜೊತೆ ಸೇರಿಕೊಂಡ ನೆನಪು ಹೊರಬರುತ್ತದೆ, ಅದನ್ನು ಇಸವಿಗೆ ತರುವುದು ನಿಮ್ಮ ಕೆಲಸ. ಹೆಂಗಸರನ್ನು ತಪ್ಪದೆ ಕೇಳಿ. ತವರಿನಿಂದ ಗಂಡನ ಮನೆಗೆ ಬಂದ ದಾರಿಯನ್ನು ಅವರು ಊರು ಊರಾಗಿ ಹೇಳುತ್ತಾರೆ. ರಸ್ತೆಗಾಗಿ ಜಮೀನು ಕಳೆದುಕೊಂಡ ಮನೆಗಳಲ್ಲಿ ಮಾತ್ರ ಮೊದಲೇ ನಿಮ್ಮ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿ, ಪರಿಹಾರದ ವಿಷಯವನ್ನು ಅವರಾಗಿಯೇ ತೆಗೆಯುವವರೆಗೆ ಕೆದಕಬೇಡಿ, ಒಪ್ಪಿಗೆಯಿಲ್ಲದೆ ಹೆಸರು ಬರೆಯಬೇಡಿ.

ಬರೆಯಲು ಕುಳಿತಾಗ ಎರಡು ಭಾಗ ಮಾಡಿಕೊಳ್ಳಿ. ಹಾದಿಯ ಭಾಗವನ್ನು ಸರಪಳಿಯ ಕ್ರಮದಲ್ಲಿ, ಒಂದೇ ದಿಕ್ಕಿನಲ್ಲಿ ಬರೆಯಬೇಕು. ನಡುವೆ ಎಲ್ಲಿಯೂ ಕಾಲದ ವಿಷಯ ತರಬಾರದು. ಚರಿತ್ರೆಯ ಭಾಗವನ್ನು ತುಂಡುಗಳ ಪ್ರಕಾರ, ಹಳೆಯ ತುಂಡು ಮೊದಲಾಗಿ ಬರೆದು, ಪ್ರತಿಯೊಂದು ಹೇಳಿಕೆಯ ಜೊತೆಗೆ ಅದು ನೆಲದ ಮೇಲೆ ಕಂಡದ್ದೋ, ಕಾಗದದಲ್ಲಿ ಓದಿದ್ದೋ, ಬಾಯಿಮಾತಿನಲ್ಲಿ ಕೇಳಿದ್ದೋ ಎಂಬುದನ್ನು ವಾಕ್ಯದೊಳಗೇ ತಿಳಿಸಬೇಕು. ಜೊತೆಗೆ ಒಂದು ಕೈನಕ್ಷೆ ಇರಲಿ. ಮುಗಿದ ಪ್ರತಿಯನ್ನು ರಸ್ತೆಯ ಪಕ್ಕದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಕೊಡಿ, ತಿದ್ದುಪಡಿ ಬರೆಯಲು ಕೊನೆಯಲ್ಲಿ ನಾಲ್ಕಾರು ಖಾಲಿ ಹಾಳೆ ಬಿಡಿ. ವಿಸ್ತರಣೆಯ ಕಾಮಗಾರಿ ಘೋಷಣೆಯಾಗಿರುವ ರಸ್ತೆಯಾದರೆ ಬರವಣಿಗೆಗೆ ಕಾಯದೆ ಹಳೆಯ ಮೋರಿ, ಮೈಲಿಗಲ್ಲು, ಮರಗಳ ಫೋಟೋ ಮತ್ತು ಅಳತೆಗಳನ್ನು ಮೊದಲು ಮುಗಿಸಿಕೊಳ್ಳಿ. ಜೆಸಿಬಿ ಬಂದ ಮೇಲೆ ಅವು ಸಿಗುವುದಿಲ್ಲ, ಕಾಗದಗಳನ್ನು ಆಮೇಲೂ ಓದಬಹುದು.